ಇ-ಇಂಕ್ ರೀಡರ್‌ನಲ್ಲಿ ಓದಿದರೆ ಕಣ್ಣಿಗೆ ಏನೂ ಆಗುವುದಿಲ್ಲವೇ? ಸತ್ಯ ಇಲ್ಲಿದೆ

“ಮೊಬೈಲ್‌ನಲ್ಲಿ ಪುಸ್ತಕ ಓದಿದರೆ ಕಣ್ಣು ಹೋಗುತ್ತೆ. ಮಕ್ಕಳಿಗೆ ಇ-ಇಂಕ್ ರೀಡರ್ ಕೊಡಿಸಿ, ಕಣ್ಣಿಗೆ ಏನೂ ಆಗಲ್ಲ” ಎನ್ನುವ ಬಗೆಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂಥ ಯಂತ್ರಕ್ಕೆ ಸಾವಿರಾರು ರೂಪಾಯಿ ಬೇಕು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಂಥ ಊರಿನಲ್ಲಿ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ಈ ಮಾತನ್ನು ಒರೆಗೆ ಹಚ್ಚಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಮೊಬೈಲ್ ಪರದೆ ತಾನೇ ಬೆಳಕು ಸೂಸುತ್ತದೆ. ಇ-ಇಂಕ್ ಪರದೆ ಹಾಗಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಬಿಳಿ ಮತ್ತು ಕಪ್ಪು ಕಣಗಳು. ಎರಡಕ್ಕೂ ವಿರುದ್ಧ ವಿದ್ಯುದಾವೇಶ. ವಿದ್ಯುತ್ ಹಾಯಿಸಿದಾಗ ಯಾವ ಕಣ ಮೇಲೆ ಬರುತ್ತದೋ ಆ ಬಣ್ಣ ಕಾಣುತ್ತದೆ. ಪುಟ ಬದಲಾಗುವಾಗ ಮಾತ್ರ ಅಕ್ಷರಕ್ಕೆ ವಿದ್ಯುತ್ ಬೇಕು. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಮಾವಿನ ತೋಪಿನ ಬಿಸಿಲಿನಲ್ಲೂ ಕಾಗದದಂತೆ ಸ್ಪಷ್ಟವಾಗಿ ಓದಬಹುದು.

ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ತಂತ್ರಕ್ಕೆ 1997ರಲ್ಲಿ ಇ ಇಂಕ್ ಕಂಪನಿ ಶುರುವಾಯಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಲಿಬ್ರಿಯೆ, 2007ರಲ್ಲಿ ಅಮೆಜಾನ್ ಕಿಂಡಲ್ ಬಂದವು.

ಕಣ್ಣಿನ ಮಾತು: ಅರ್ಧ ನಿಜ

ಮೊಬೈಲ್ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಎನ್ನಲು ಪುರಾವೆ ಇಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಹೇಳುತ್ತದೆ. ಕಣ್ಣು ಉರಿ, ದಣಿವಿಗೆ ಮುಖ್ಯ ಕಾರಣ ರೆಪ್ಪೆ ಮಿಟುಕಿಸುವುದು ಕಡಿಮೆಯಾಗುವುದು ಮತ್ತು ಬಹಳ ಹೊತ್ತು ಹತ್ತಿರದಿಂದ ನೋಡುವುದು. ಇ-ಇಂಕ್‌ನಲ್ಲಿ ಓದುವುದೂ ಹತ್ತಿರದ ನೋಟವೇ. ಮಕ್ಕಳಿಗೆ ಸಮೀಪದೃಷ್ಟಿ ಬರದಂತೆ ತಡೆಯಲು ನೆರವಾಗುವುದು ದಿನವೂ ಹೊರಗೆ ಬಯಲಿನಲ್ಲಿ ಆಡುವುದು, ಯಂತ್ರ ಬದಲಾಯಿಸುವುದಲ್ಲ. ಓದುವಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ.

“ಇ-ರೀಡರ್ ನಿದ್ದೆ ಕೆಡಿಸುತ್ತದೆ” ಎಂದು ಹೆದರಿಸುವವರೂ ಇದ್ದಾರೆ. ಇದಕ್ಕೆ ಆಧಾರವಾಗಿ ತೋರಿಸುವ, 2014ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದ್ದವರು 12 ಮಂದಿ. ಅವರು ಓದಿದ್ದು ಪೂರ್ತಿ ಬೆಳಕಿಟ್ಟ ಐಪ್ಯಾಡ್‌ನಲ್ಲಿ, ಇ-ಇಂಕ್‌ನಲ್ಲಿ ಅಲ್ಲ!

ಕನ್ನಡ ಪುಸ್ತಕ ಸಿಗುತ್ತದೆಯೇ?

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ; ನಮ್ಮ ಗಡಿ ಊರುಗಳ ಮನೆಮಾತಾದ ತೆಲುಗೂ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕದ ಆ್ಯಪ್‌ಗಳು ಮೊಬೈಲ್‌ಗಾಗಿ ಇರುವಂಥವು. ಕಿಂಡಲ್, ಕೋಬೋಗಳಲ್ಲಿ ಅವನ್ನು ಹಾಕಿಕೊಳ್ಳಲು ಬರುವುದಿಲ್ಲ. ಬೂಕ್ಸ್‌ನಂಥ ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರಗಳಲ್ಲಿ ಆ್ಯಪ್ ಹಾಕಬಹುದು. ಆದರೆ ಬೆಲೆ ಹೆಚ್ಚು, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಅಂತರ್ಜಾಲದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. 6 ಇಂಚಿನ ಪರದೆಯಲ್ಲಿ ಇಡೀ ಪುಟ ಕುಗ್ಗಿ, ಒತ್ತಕ್ಷರಗಳೇ ಕಾಣದಂತಾಗುತ್ತವೆ. ಅಕ್ಷರ ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ. ಇಪಬ್ ಕಡತವಾದರೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು?

• ಇಂಗ್ಲಿಷ್ ಅಥವಾ ಹಿಂದಿ ಪುಸ್ತಕ ತುಂಬಾ ಓದುವವರಿಗೆ ಕಿಂಡಲ್, ಕೋಬೋ ಸರಿ.
• ಪಿಡಿಎಫ್ ಓದುವವರು 10 ಇಂಚಿನ ಪರದೆ ನೋಡಲಿ.
• ಕನ್ನಡವೇ ಮುಖ್ಯವಾದರೆ, ಕೊಳ್ಳುವ ಮೊದಲು ಒಂದು ಕನ್ನಡ ಕಡತ ಹಾಕಿ “ಸ್ತ್ರೀ”, “ರಾಷ್ಟ್ರ” ಪದಗಳು ಸರಿಯಾಗಿ ಮೂಡುತ್ತವೆಯೇ ಪರೀಕ್ಷಿಸಿ.
• ದುಡ್ಡು ಹೊಂದಿಸುವುದು ಕಷ್ಟವೇ? ಅದೇ ಹಣಕ್ಕೆ ಹತ್ತಾರು ಮುದ್ರಿತ ಪುಸ್ತಕ ಬರುತ್ತವೆ. ಮಗುವಿನ ಕಣ್ಣಿಗೆ ಅದರಿಂದ ನಷ್ಟವೇನೂ ಇಲ್ಲ.
• ಕಣ್ಣು ಮಸುಕಾದರೆ, ತಲೆನೋವು ಬಂದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬೇಕಿರುವುದು ಕನ್ನಡಕ ಇರಬಹುದು, ರೀಡರ್ ಅಲ್ಲ.

ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇಷ್ಟನ್ನು ಹೇಳಿ.