ಹೊಳೆ ಬಂದಾಗ ಯಾರಿಗೆ ಫೋನ್ ಮಾಡಬೇಕು?

2019ರ ಆಗಸ್ಟ್ ಮೊದಲ ವಾರ. ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ, ಆ ವಾರ ನನ್ನದೇ ಆನ್-ಕಾಲ್ ಸರದಿ. ರಾತ್ರಿ ಹನ್ನೊಂದೂವರೆಗೆ ಫೋನ್ ಬಡಿದುಕೊಂಡಾಗ ಎಲ್ಲೋ ಸರ್ವರ್ ಬಿದ್ದಿರಬೇಕು ಅಂದುಕೊಂಡೆ. ಮಾಡಿದ್ದು ಅವ್ವ.

"ನವಿಲುತೀರ್ಥದಿಂದ ನೀರು ಬಿಟ್ಟಾರಂತ. ಹಳ್ಳ ಆಗ್ಲೇ ರೋಡ್ ಮ್ಯಾಲೆ ಬಂದೈತಿ. ನಿಮ್ಮಜ್ಜೀನ ಹೆಂಗ್ ಒಯ್ಯೂದೋ ತಿಳಿವಲ್ದು."

ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. ಅಜ್ಜಿಗೆ ಆಗ ಎಂಬತ್ತು ದಾಟಿತ್ತು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಐನೂರು ಕಿಲೋಮೀಟರ್ ದೂರ ಕೂತ ನನಗೆ ಗೊತ್ತಿದ್ದ ಕೆಲಸ ಒಂದೇ, ಗೂಗಲ್ ಮಾಡೋದು. ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆ ಅಂತ ಒಂದು ಪಿಡಿಎಫ್ ಸಿಕ್ಕಿತು. ಕೊನೆಯ ಪುಟಗಳಲ್ಲಿ ಫೋನ್ ನಂಬರುಗಳಿದ್ದವು. ಮೊದಲನೆಯದು ಸ್ವಿಚ್ ಆಫ್. ಎರಡನೆಯದು ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯದನ್ನು ಒಬ್ಬ ಹಿರಿಯರು ಎತ್ತಿದರು.

"ತಮ್ಮಾ, ನಾನು ರಿಟೈರ್ ಆಗಿ ಎರಡು ವರ್ಷ ಆತು. ಆದ್ರೂ ಫೋನ್ ಇಡಬ್ಯಾಡ, ಈಗಿನವರ ನಂಬರ್ ಕೊಡ್ತೀನಿ."

ಅವರು ಕೊಟ್ಟ ನಂಬರಿಗೆ ಲೈನ್ ಸಿಗುವಷ್ಟರಲ್ಲಿ ನಮ್ಮ ಓಣಿಯ ನಾಲ್ಕು ಹುಡುಗರು ಅಜ್ಜಿಯನ್ನು ಹೊರಸಿನ ಸಮೇತ ಎತ್ತಿ ಟ್ರ್ಯಾಕ್ಟರಿಗೆ ಏರಿಸಿದ್ದರು. ಅಜ್ಜಿ ಉಳಿದಳು. ಮನೆಯ ಒಂದು ಗೋಡೆ, ವರ್ಷದ ಜೋಳ ಹೋದವು.

ನಮ್ಮ ಆಫೀಸಿನಲ್ಲಿ ಹೀಗೊಂದು ಘಟನೆ ಆದರೆ ಮರುದಿನ ಪೋಸ್ಟ್‌ಮಾರ್ಟಮ್ ಮೀಟಿಂಗ್ ಇರುತ್ತದೆ. ಯಾರ ತಪ್ಪು ಅಂತ ಹುಡುಕುವುದಿಲ್ಲ. ಈ ಪಟ್ಟಿಯನ್ನು ಅಪ್‌ಡೇಟ್ ಮಾಡಬೇಕಾದವರು ಯಾರು, ಅವರಿಗೆ ಮಾಹಿತಿ ಕೊಡಬೇಕಾದವರು ಯಾರು ಅಂತ ನೋಡುತ್ತೇವೆ. ಅದೇ ಪ್ರಶ್ನೆ ಹಿಡಿದು ನಾನು ಕಾನೂನು ಓದಲು ಕೂತೆ. ಸತ್ಯ ಹೇಳಬೇಕೆಂದರೆ ಓದಿ ಮುಗಿಸಿದ್ದು ಆಮೇಲೆ, ಲಾಕ್‌ಡೌನ್‌ನಲ್ಲಿ.

2004ರ ಸುನಾಮಿಯ ಮರುವರ್ಷ, 2005ರ ಡಿಸೆಂಬರ್ 23ರಂದು, ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರಲೇಬೇಕು. ಅಧ್ಯಕ್ಷರು ಮುಖ್ಯಮಂತ್ರಿ. ಸದಸ್ಯರು ಒಂಬತ್ತಕ್ಕೆ ಮೀರುವಂತಿಲ್ಲ. ಅದರ ಕೆಳಗೆ ಮುಖ್ಯ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಕಾರಿ ಸಮಿತಿ. ಪ್ರಾಧಿಕಾರ ನೀತಿ ಹೇಳುತ್ತದೆ, ಸಮಿತಿ ಕೆಲಸ ಮಾಡಿಸುತ್ತದೆ. ಇಲ್ಲಿಯವರೆಗೆ ಎಲ್ಲ "ಮಾಡತಕ್ಕದ್ದು".

ಹಾಗಾದರೆ ಇವರಿಗೆ ಸಲಹೆ ಕೊಡುವವರು ಯಾರು? ಅದಕ್ಕೆ ಕಲಂ 17 ಇದೆ. ವಿಪತ್ತು ನಿರ್ವಹಣೆಯಲ್ಲಿ ಪ್ರಾಯೋಗಿಕ ಅನುಭವ ಇರುವ ತಜ್ಞರ ಸಲಹಾ ಸಮಿತಿಯನ್ನು ರಾಜ್ಯ ಪ್ರಾಧಿಕಾರ ಅಗತ್ಯ ಕಂಡಾಗ "ರಚಿಸಬಹುದು". ಜಿಲ್ಲೆಗೂ ಕಲಂ 28ರಲ್ಲಿ ಇದೇ "ಬಹುದು". ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆದವರಿಗೆ ಈ ವ್ಯತ್ಯಾಸ ಗೊತ್ತು. 'ಶಲ್' ಅಂತ ಬರೆದದ್ದನ್ನು ಕೋಡ್ ಮಾಡಲೇಬೇಕು, 'ಮೇ' ಅಂತ ಬರೆದದ್ದು ಮುಂದಿನ ರಿಲೀಸ್‌ಗೆ ಹೋಗುತ್ತದೆ. ಎಷ್ಟೋ ಸಲ ಅದರ ಮುಂದಿನದಕ್ಕೆ.

ಇಂಥ ಸಮಿತಿಯ ಕೆಲಸ ಹೇಗಿರುತ್ತದೆ ಎಂಬುದನ್ನು ನಾವೆಲ್ಲ ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ನೋಡಿದ್ದೇವೆ. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ನೆನಪಿದೆಯಲ್ಲ? ಎರಡನೇ ಅಲೆ ಬರಬಹುದು, ಸಿದ್ಧರಾಗಿ ಎಂದು ಅವರು ಸರ್ಕಾರಕ್ಕೆ ವರದಿ ಕೊಟ್ಟದ್ದು 2020ರ ನವೆಂಬರ್ ಕೊನೆಗೆ. ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಣೆ ಆಯಿತು; ಮರುದಿನ, ಇನ್ನೂ ಜಾರಿಗೆ ಬರುವ ಮೊದಲೇ, ವಾಪಸ್ ಆಯಿತು. 2021ರ ಏಪ್ರಿಲ್‌ನಲ್ಲಿ ಥಿಯೇಟರ್‌ಗಳಿಗೆ ಅರ್ಧ ಸೀಟು ಅಂತ ಆದೇಶ ಬಂತು, ಚಿತ್ರರಂಗದವರು ಕೇಳಿಕೊಂಡ ಮೇಲೆ ಕೆಲವು ದಿನಕ್ಕೆ ಸಡಿಲವಾಯಿತು. ಆಮೇಲಿನ ಏಪ್ರಿಲ್, ಮೇ ಹೇಗಿತ್ತು ಅಂತ ನಾನು ಹೇಳಬೇಕಿಲ್ಲ.

ಸಲಹಾ ಸಮಿತಿಯ ಮಾತನ್ನು ಸರ್ಕಾರ ಕೇಳಲೇಬೇಕು ಅಂತ ಎಲ್ಲೂ ಇಲ್ಲ. ಇರಲೂಬಾರದೇನೋ. ಚುನಾಯಿತರು ಹೊಟ್ಟೆಪಾಡು, ಪರೀಕ್ಷೆ, ಮದುವೆ ಎಲ್ಲವನ್ನೂ ತೂಗಿ ನೋಡಬೇಕು, ವೈದ್ಯರ ಸಮಿತಿಗೆ ಆ ಹೊರೆ ಇಲ್ಲ. ಆದರೆ ಸಲಹೆ ಏನಿತ್ತು, ಯಾಕೆ ಬಿಟ್ಟೆವು ಎಂಬುದನ್ನು ಅದೇ ದಿನ ಜನರ ಮುಂದೆ ಇಡಬಹುದಿತ್ತು ಅಂತ ನನಗನ್ನಿಸುತ್ತದೆ.

ಆದರೆ ನಮ್ಮಜ್ಜಿಯ ಹೊರಸಿನ ಪ್ರಶ್ನೆ ವಿಧಾನಸೌಧದಲ್ಲಿ ತೀರ್ಮಾನವಾಗುವಂಥದ್ದಲ್ಲ. ಅದು ಜಿಲ್ಲೆಯಲ್ಲಿ ಆಗಬೇಕು. ಕಾಯ್ದೆಯ ಕಲಂ 25 ಜಿಲ್ಲಾ ಪ್ರಾಧಿಕಾರಕ್ಕೆ ಏಳು ಕುರ್ಚಿ ಕೊಡುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ಜಿಲ್ಲಾ ವೈದ್ಯಾಧಿಕಾರಿ, ಪ್ರಾಧಿಕಾರದ ಕಾರ್ಯನಿರ್ವಾಹಕ ಅಧಿಕಾರಿ, ಮತ್ತೆ ಹೆಚ್ಚೆಂದರೆ ಇಬ್ಬರು ಜಿಲ್ಲಾ ಮಟ್ಟದ ಅಧಿಕಾರಿಗಳು. ಉಳಿದ ಒಂದೇ ಕುರ್ಚಿ ಜನ ಆರಿಸಿದವರಿಗೆ: ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ-ಅಧ್ಯಕ್ಷರಾಗಿರಬೇಕು.

ಇಲ್ಲೊಂದು ವಿಷಯ ನನ್ನನ್ನು ಕಾಡಿತು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಹಾಗಾಗಿ ಏಳರಲ್ಲಿ ನಮ್ಮದು ಅನ್ನಬಹುದಾದ ಆ ಒಂದು ಕುರ್ಚಿಯಲ್ಲಿ ಕೂರಲು ಗೆದ್ದುಬಂದ ಅಧ್ಯಕ್ಷರೇ ಇಲ್ಲ. ಜಿಲ್ಲಾ ಪಂಚಾಯಿತಿ ಚುನಾವಣೆ ಬಗ್ಗೆ ನಾನು ಅಲ್ಲಿಯವರೆಗೆ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಅದೇನಿದ್ದರೂ ಊರ ರಾಜಕೀಯ ಅಂದುಕೊಂಡಿದ್ದೆ.

ಎಲ್ಲ ರಾಜ್ಯಗಳೂ ಕೇಂದ್ರದ ಕಾನೂನಿಗೆ ಕಾಯ್ದು ಕೂತಿರಲಿಲ್ಲ. ಗುಜರಾತ್ 2001ರ ಭುಜ್ ಭೂಕಂಪದ ಮರುತಿಂಗಳೇ ಪ್ರಾಧಿಕಾರ ಮಾಡಿ, 2003ರಲ್ಲಿ ತನ್ನದೇ ಕಾಯ್ದೆ ತಂದಿತು. ಇನ್ನೂ ಹಿಂದಿನದು ಒಡಿಶಾ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಎರಡು ತಿಂಗಳೊಳಗೆ ಪ್ರಾಧಿಕಾರ ಹುಟ್ಟಿತು. ಆದರೆ ಒಡಿಶಾ ಮಾಡಿದ ದೊಡ್ಡ ಕೆಲಸ ರಾಜಧಾನಿಯ ಸಮಿತಿಯಲ್ಲ. ಕರಾವಳಿಯ ಹಳ್ಳಿಗಳಲ್ಲಿ ಕಟ್ಟಿದ ಚಂಡಮಾರುತ ಆಶ್ರಯ ಕಟ್ಟಡಗಳನ್ನು ನೋಡಿಕೊಳ್ಳಲು ಆಯಾ ಊರಿನವರದೇ ಸಮಿತಿ ಮಾಡಿದರು. ಯುವಕರಿಗೆ ಪ್ರಥಮ ಚಿಕಿತ್ಸೆ, ರಕ್ಷಣೆ ಕೆಲಸ ಕಲಿಸಿದರು. 2019ರ ಮೇ 3ರಂದು ಫಾನಿ ಪುರಿಯ ಹತ್ತಿರ ಅಪ್ಪಳಿಸಿದಾಗ ಅಲ್ಲಿಯವರು ಸುಮಾರು 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರು ನೂರರೊಳಗೆ. ಅದೇ ಸಮುದ್ರ, ಅದೇ ಬಡತನ.

ನಮ್ಮಲ್ಲಿ ತಂತ್ರಜ್ಞಾನಕ್ಕೆ ಬರ ಇಲ್ಲ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಶುರುವಾದದ್ದು 1988ರಲ್ಲಿ, ಬರ ಉಸ್ತುವಾರಿ ಕೋಶ ಅನ್ನುವ ಹೆಸರಿನಲ್ಲಿ. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳು ತಾವೇ ಲೆಕ್ಕ ಕಳಿಸುತ್ತವೆ. ರೈತರು 'ವರುಣ ಮಿತ್ರ'ಕ್ಕೆ ಫೋನ್ ಮಾಡಿ ಮಳೆ ಕೇಳಬಹುದು. ಅಪ್ಪ ಬಿತ್ತನೆಗೆ ಮೊದಲು ಕೇಳುತ್ತಾರೆ, ಕೇಳಿಯೂ ಒಮ್ಮೊಮ್ಮೆ ಪಂಚಾಂಗ ನೋಡುತ್ತಾರೆ.

ಡೇಟಾ ಇದೆ, ಕಾನೂನು ಇದೆ. ಮತ್ತೆ ಆ ರಾತ್ರಿ ಏನು ಕಡಿಮೆಯಾಗಿತ್ತು? ಅದನ್ನು ಕೇಳಲೆಂದೇ ಈ ವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಆ ನಿವೃತ್ತ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ. ಅವರ ನಂಬರ್ ನನ್ನ ಫೋನ್‌ನಲ್ಲಿ "ಹೊಳೆ ಸರ್" ಅಂತ ಸೇವ್ ಆಗಿತ್ತು. ಚಹಾ ಕುಡಿಸಿದರು. ಮಳೆಗಾಲ ಬಂದರೆ ಅವರಿಗೆ ಇನ್ನೂ ಎರಡು ಮೂರು ಕರೆ ಬರುತ್ತವಂತೆ.

"ಮೀಟಿಂಗ್ ವರ್ಷಾ ಮಾಡ್ತಿದ್ವಿ. ಪಂಪ್ ಎಷ್ಟು, ಬೋಟ್ ಎಷ್ಟು, ಅಕ್ಕಿ ಎಷ್ಟು. ಲೆಕ್ಕ ಸರಿ ಇರ್ತಿತ್ತು. ಆದ್ರ ನಿಮ್ಮೂರಾಗ ಹೊಳಿಗಿಂತ ಮೊದ್ಲು ಹಳ್ಳ ಬರ್ತೈತಿ ಅನ್ನೂದು ನನಗ ಗೊತ್ತಾಗಿದ್ದು ನನ್ನ ಜೀಪ್ ಸಿಕ್ಕೊಂಡ ದಿನ."

ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹೊಳೆ ತುಂಬಿದರೆ ಹಳ್ಳದ ನೀರಿಗೆ ಹೋಗಲು ಜಾಗವಿರುವುದಿಲ್ಲ, ಅದು ಹಿಂದಕ್ಕೆ ಒತ್ತಿ ಸೇತುವೆ ಹತ್ತುತ್ತದೆ. ಹೊಳೆ ಇನ್ನೂ ಹನುಮಪ್ಪನ ಗುಡಿಯ ಕೆಳಗಿನ ಮೆಟ್ಟಿಲಲ್ಲಿ ಇರುವಾಗಲೇ ಊರಿನ ರಸ್ತೆ ಮುಳುಗಿರುತ್ತದೆ. ಯೋಜನೆಯಲ್ಲಿ ನಮ್ಮೂರಿಗೆ ಗೊತ್ತುಮಾಡಿದ ಕಾಳಜಿ ಕೇಂದ್ರ ಯಾವುದು ಗೊತ್ತೇ? ಹಳ್ಳದ ಆಚೆ ದಂಡೆಯ ಹೈಸ್ಕೂಲು. ಕಟ್ಟಡ ಗಟ್ಟಿ, ಶೌಚಾಲಯ ಇದೆ, ನೀರಿನ ಟ್ಯಾಂಕ್ ಇದೆ, ಕಾಗದದ ಮೇಲೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬೇಕಾದ ದಿನ ಅಲ್ಲಿಗೆ ಹೋಗಲು ದಾರಿ ಇರುವುದಿಲ್ಲ, ಅಷ್ಟೇ.

ತಜ್ಞರು ಬೇಡ ಅಂತ ನಾನು ಹೇಳುತ್ತಿಲ್ಲ. ನವಿಲುತೀರ್ಥದಿಂದ ಇಷ್ಟು ಕ್ಯೂಸೆಕ್ ಬಿಟ್ಟರೆ ನೀರು ನಮ್ಮೂರಿಗೆ ಎಷ್ಟು ಗಂಟೆಗೆ ಬರುತ್ತದೆ ಅನ್ನುವುದಕ್ಕೆ ಜಲವಿಜ್ಞಾನಿಯೇ ಬೇಕು. ಆದರೆ ಕಲಂ 17 ಕೇಳುವ "ಪ್ರಾಯೋಗಿಕ ಅನುಭವ" ನಮ್ಮ ಓಣಿಯ ಟ್ರ್ಯಾಕ್ಟರ್ ಡ್ರೈವರಿಗೂ ಇದೆ. ಅವನು 2009ರ ಹೊಳೆಯನ್ನೂ ನೋಡಿದವನು.

ಅವನನ್ನು ಕಮಿಟಿಗೆ ಹಾಕಿಸುವುದು ನನ್ನ ಕೈಲಾಗುವ ಮಾತಲ್ಲ. ಆದರೆ ಕಲಂ 31ರಲ್ಲಿ ಒಂದು "ತಕ್ಕದ್ದು" ಸಿಕ್ಕಿತು. ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ತಯಾರಿಸಬೇಕು, ವರ್ಷಕ್ಕೊಮ್ಮೆ ಪರಿಶೀಲಿಸಿ ಪರಿಷ್ಕರಿಸಬೇಕು. ಸ್ಥಳೀಯ ಸಂಸ್ಥೆ ಅಂದರೆ ಗ್ರಾಮ ಪಂಚಾಯಿತಿಯೂ ಹೌದು. ನಗರದವರೂ ಇದನ್ನು ಗಮನಿಸಬಹುದು: 2025ರ ತಿದ್ದುಪಡಿಯಿಂದ ರಾಜಧಾನಿಗಳಿಗೂ ಮಹಾನಗರ ಪಾಲಿಕೆ ಇರುವ ಊರುಗಳಿಗೂ ಪಾಲಿಕೆ ಆಯುಕ್ತರ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರ ಮಾಡಲು ಅವಕಾಶ ಬಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಲ್ಲಿ ನಾನೂ ಒಬ್ಬ. ನಿಮ್ಮ ಅಪಾರ್ಟ್‌ಮೆಂಟಿನ ಹಿಂದೆ ರಾಜಕಾಲುವೆ ಮೊದಲು ಎಲ್ಲಿ ಉಕ್ಕುತ್ತದೆ ಅಂತ ನಿಮ್ಮ ವಾಚ್‌ಮನ್‌ಗೆ ಗೊತ್ತಿರುತ್ತದೆ, ಕೇಳಿ ನೋಡಿ.

ಪಿಡಿಒ ಅವರನ್ನು ಭೇಟಿಯಾದೆ. ಮೊದಲು ಅನುಮಾನದಿಂದ ನೋಡಿದರು, ಬೆಂಗಳೂರಿನಿಂದ ಬಂದು ಮಾಹಿತಿ ಹಕ್ಕಿನ ಅರ್ಜಿ ಹಾಕುವವನು ಅಂದುಕೊಂಡರೋ ಏನೋ. ಆಮೇಲೆ ಅವರೇ ಒಂದು ಹಳೆಯ ರಿಜಿಸ್ಟರ್ ತೆಗೆದುಕೊಟ್ಟರು. ಅಂಗನವಾಡಿ ಅಕ್ಕ, ಆಶಾ ಅಕ್ಕ, ಟ್ರ್ಯಾಕ್ಟರ್ ಇರುವ ಮೂವರು ಎಲ್ಲ ಸೇರಿ ಎರಡು ಸಂಜೆ ಕೂತೆವು. ನಡೆಯಲಾಗದವರ ಪಟ್ಟಿ ಮಾಡಿದೆವು, ಹನ್ನೊಂದು ಹೆಸರು ಬಂತು. ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡಳು, ಇಲ್ಲದಿದ್ದರೆ ಹನ್ನೆರಡು. ದಿನ ತುಂಬಿದ ಬಸುರಿಯರು, ಡಯಾಲಿಸಿಸ್‌ಗೆ ಹೋಗುವ ಒಬ್ಬರು. ಗುಡಿಯ ಎಷ್ಟನೇ ಮೆಟ್ಟಿಲಿಗೆ ನೀರು ಬಂದರೆ ಹೊರಡಬೇಕು ಎಂಬುದರ ಮೇಲೆ ದೊಡ್ಡ ಜಗಳವಾಯಿತು. ಹಿರಿಯರು ಐದು ಅಂದರು, ಹುಡುಗರು ಮೂರು. ಹಳ್ಳದ ಸೇತುವೆ ನೋಡಿ ಹೊರಡಬೇಕು, ಮೆಟ್ಟಿಲು ನೋಡುತ್ತಾ ಕೂತರೆ ತಡವಾಗುತ್ತದೆ ಅಂತ ಕಡೆಗೆ ಹೇಳಿದ್ದು ಅಂಗನವಾಡಿ ಅಕ್ಕ. ಕಾಳಜಿ ಕೇಂದ್ರಕ್ಕೆ ಈಚೆ ದಂಡೆಯ ಎತ್ತರದ ಕಲ್ಯಾಣ ಮಂಟಪ ಸೂಚಿಸಿದೆವು.

ಅದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ, ಜಿಲ್ಲಾಧಿಕಾರಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದಾಯಿತು. ಮುಟ್ಟಿದ ಕಾರ್ಡು ಬಂದಿದೆ. ಯೋಜನೆಯಲ್ಲಿ ಬದಲಾಗಿದೆಯೇ ಅಂತ ತಿಂಗಳಿಗೊಮ್ಮೆ ಆ ಪಿಡಿಎಫ್ ತೆರೆದು ನೋಡುತ್ತೇನೆ, ಇನ್ನೂ ಹಳೆಯದೇ ಇದೆ.

ಪಟ್ಟಿಯ ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಅವ್ವನ ಕೈಗೆ ಕೊಟ್ಟು ಬಂದಿದ್ದೆ. ಜೂನ್ ಮೊದಲ ಮಳೆ ಬಿದ್ದ ದಿನ ಅವಳ ಫೋನ್ ಬಂತು.

"ನೀ ಕೊಟ್ಟ ಹಾಳಿ ಹಿಟ್ಟಿನ ಗಿರಣ್ಯಾಗ ಹಚ್ಯಾರ. ಅದರಾಗ ನನ್ನ ನಂಬರ್ ತಪ್ಪ್ ಬರದಿ ನೋಡು. ಕಡೀಕ ಏಳಲ್ಲ, ಒಂದು."