ವಿದ್ಯೆಗೆ ದ್ರವ್ಯ ಬಹುಮಾನ

ಮಕ್ಕಳು ಚೆನ್ನಾಗಿ ಓದಲೆಂದು ಹಣವನ್ನು ಬಹುಮಾನವಾಗಿ ಕೊಡುವುದು ಯುಕ್ತವೇ ಎಂದು ತಂದೆತಾಯಿಗಳು ಕೇಳುವುದುಂಟು. ಹಣದಾಸೆಯಿಂದ ಬಂದ ವಿದ್ಯೆ ನಿಲ್ಲದೆಂದು ಕೆಲವರೂ, ಆಸೆ ತೋರಿಸದೆ ಮಕ್ಕಳು ಓದರೆಂದು ಕೆಲವರೂ ಹೇಳುವರು. ಆದರೆ ಹಣವನ್ನು ಯಾವುದಕ್ಕಾಗಿ, ಹೇಗೆ ಕೊಡುತ್ತೇವೆಂಬುದರ ಮೇಲೆ ಅದರ ಫಲವು ನಿಂತಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇದು ಮಳೆಯನ್ನು ನಂಬಿ ಕಡಲೆಕಾಯಿ ಬೆಳೆಯುವ ಸೀಮೆ. ಮಳೆ ತಪ್ಪಿದ ವರ್ಷ ಬಡವರ ಮನೆಯಲ್ಲಿ ಹೆಣ್ಣುಮಗಳ ಓದಿಗೇ ಮೊದಲು ಕುತ್ತು ಬರುವುದು. ಇಂಥವರಿಗೆ ಒದಗತಕ್ಕದ್ದು, ಕೇಂದ್ರ ಸರಕಾರವು 2008ರಲ್ಲಿ ಏರ್ಪಡಿಸಿದ ಪ್ರತಿಭಾ ವಿದ್ಯಾರ್ಥಿವೇತನ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ನಡೆಸಿ, ಆಯ್ಕೆಯಾದ ಬಡಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಕೊಡುವ ಈ ವೇತನವು 2017ರಲ್ಲಿ ವರ್ಷಕ್ಕೆ 12,000 ರೂಪಾಯಿಗೆ ಏರಿತು. ಹಣವು ವಿದ್ಯಾರ್ಥಿಯ ಖಾತೆಗೇ ಸೇರುವುದು. ಮೊದಲ ಯತ್ನದಲ್ಲಿಯೇ ತೇರ್ಗಡೆಯಾದರೆ ಮಾತ್ರ ಮುಂದುವರಿಯುವುದು.

ಇಂಥ ವೇತನವು ಗೆದ್ದವರಿಗೆ ಮಾತ್ರವೇ ಉಪಯುಕ್ತವೇ? 2001 ಮತ್ತು 2002ರಲ್ಲಿ ಆಫ್ರಿಕದ ಕೀನ್ಯಾ ದೇಶದ ಬುಸಿಯಾ ಎಂಬಲ್ಲಿ ಆರನೆಯ ತರಗತಿಯ ಹುಡುಗಿಯರಿಗೆ ಸ್ಪರ್ಧೆಯನ್ನು ಏರ್ಪಡಿಸಿ, ಮೇಲಿನ ನೂರಕ್ಕೆ 15 ಮಂದಿಗೆ ಎರಡು ವರ್ಷ ಶುಲ್ಕವನ್ನೂ ಸ್ವಲ್ಪ ಹಣವನ್ನೂ ಕೊಟ್ಟರು. ಬಹುಮಾನದ ಆಸೆಯಿಲ್ಲದ ಹಿಂದುಳಿದ ಹುಡುಗಿಯರ ಅಂಕಗಳೂ ಏರಿದವು. ಉಪಾಧ್ಯಾಯರೂ ಹೆಚ್ಚು ಕ್ರಮವಾಗಿ ಶಾಲೆಗೆ ಬಂದರು. ಊರೆಲ್ಲ ಓದಿಗೆ ಬೆಲೆಕೊಟ್ಟಾಗ ಹೀಗಾಗುವುದು.

ಇದಕ್ಕೆ ಪ್ರತಿಯಾದ ಅನುಭವವೂ ಉಂಟು. 2007ರಿಂದ ಅಮೆರಿಕದ ಕೆಲವು ನಗರಗಳಲ್ಲಿ ಪ್ರೊಫೆಸರ್ ರೋಲಂಡ್ ಫ್ರೈಯರ್ ಎಂಬವರು ಪರೀಕ್ಷೆ ನಡೆಸಿದರು. ನ್ಯೂಯಾರ್ಕಿನಲ್ಲಿ ಅಂಕಗಳಿಗೆ ಹಣ ಕೊಟ್ಟರೂ ಮಕ್ಕಳ ಕಲಿಕೆ ಏರಲಿಲ್ಲ. ಡಾಲಸ್ಸಿನಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ, ಓದಿ ತಿಳಿದ ಪ್ರತಿ ಪುಸ್ತಕಕ್ಕೆ ಎರಡು ಡಾಲರ್ ಕೊಟ್ಟಾಗ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಬೆಳೆಯಿತು. ಅಂಕವನ್ನು ಬಯಸುವ ಮಗುವಿಗೆ ಅದನ್ನು ಪಡೆಯುವ ದಾರಿ ತಿಳಿದಿರುವುದಿಲ್ಲ. ಪುಸ್ತಕ ತೆರೆಯುವುದಾದರೋ ಅದರ ಕೈಯಲ್ಲಿಯೇ ಇದೆ.

ಆದುದರಿಂದ ಶಾಲೆಯಲ್ಲಿ ಬಹುಮಾನ ನಿಧಿಯನ್ನು ಸ್ಥಾಪಿಸಬಯಸುವ ಹಿಂದಿನ ವಿದ್ಯಾರ್ಥಿನಿಯರು ಪ್ರಥಮಸ್ಥಾನವೊಂದನ್ನೇ ನೋಡದೆ, ಕ್ರಮವಾದ ಹಾಜರಿಗೂ ಓದಿ ಮುಗಿಸಿದ ಪುಸ್ತಕಗಳಿಗೂ ಒಂದು ಪಾಲನ್ನು ಮೀಸಲಿಡಲಿ. ಪೋಷಕರು ಆ ಹಣವನ್ನು ಮಗಳ ಓದಿಗೇ ವಿನಿಯೋಗಿಸಲಿ. ಆಗ ಹಣವು ವಿದ್ಯೆಗೆ ಒಡೆಯನಾಗದೆ ಊರುಗೋಲಾಗುವುದು.