ಅಳಿವೆಯಲ್ಲಿ ನೀರುಗಳ ಬೆರಕೆಯೂ ಅದರ ಮಾಪನವೂ

ಹೊಳೆಯು ಕಡಲನ್ನು ಸೇರುವ ಮುಖಕ್ಕೆ ಕನ್ನಡದಲ್ಲಿ ಅಳಿವೆಯೆಂಬ ಹೆಸರುಂಟು. ಉತ್ತರ ಕನ್ನಡ ಜಿಲ್ಲೆಯಲ್ಲಿ ಭಟ್ಕಳದ ಸಣ್ಣ ಹೊಳೆಗಳೂ, ಹೊನ್ನಾವರದಲ್ಲಿ ಶರಾವತಿಯೂ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯೂ ಅರಬ್ಬೀ ಸಮುದ್ರವನ್ನು ಕೂಡುವುದು ಇಂತಹ ಅಳಿವೆಗಳಲ್ಲಿಯೇ. ಅಲ್ಲಿ ಸಿಹಿನೀರೂ ಉಪ್ಪುನೀರೂ ಸಂಧಿಸುತ್ತವೆ. ಆದರೆ ಸಂಧಿಸಿದ ಮಾತ್ರಕ್ಕೆ ಬೆರೆಯುವುದಿಲ್ಲ.

ಒಂದು ಕಿಲೋಗ್ರಾಂ ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆದುದರಿಂದ ಅದು ಭಾರವಾಗಿ ಕೆಳಗೆ ನಿಲ್ಲುವುದು. ಹಗುರವಾದ ಹೊಳೆನೀರು ಅದರ ಮೇಲೆ ಹರಿಯುವುದು. ನಿಶ್ಚಲವಾದ ನೀರಿನಲ್ಲಿ ಅಣುಗಳ ಚಲನೆಯೊಂದರಿಂದಲೇ ಲವಣವು ಒಂದು ಮೀಟರು ಮೇಲೇರಬೇಕಾದರೆ 10 ವರ್ಷಗಳಿಗೂ ಮಿಗಿಲಾದ ಕಾಲ ಹಿಡಿದೀತು. ಅದೇ ಕಾರ್ಯವು ಅಳಿವೆಯಲ್ಲಿ ಒಂದು ಭರತದ ಅವಧಿಯೊಳಗೇ ನಡೆಯಬಲ್ಲುದು. ಇದು ಸುಳಿಗಳ ಪ್ರಭಾವ. ಪದರಗಳ ವೇಗಭೇದವು ಸುಳಿಗಳನ್ನೆಬ್ಬಿಸುತ್ತದೆ. ಸಾಂದ್ರತೆಯ ಭೇದವು ಅವುಗಳನ್ನಡಗಿಸುತ್ತದೆ. ಇವೆರಡರ ಬಲಾಬಲವನ್ನು ತಿಳಿಸುವ ಪ್ರಮಾಣಕ್ಕೆ ರಿಚರ್ಡ್‌ಸನ್ ಸಂಖ್ಯೆಯೆಂದು ಹೆಸರು. ಅದು ಪ್ರವಾಹದಲ್ಲೆಲ್ಲ 1/4ಕ್ಕಿಂತ ಹೆಚ್ಚಾಗಿದ್ದರೆ ಸಣ್ಣ ಕದಲಿಕೆಗಳು ಬೆಳೆದು ಸುಳಿಗಳಾಗಲಾರವೆಂದು ಮೈಲ್ಸ್ ಮತ್ತು ಹೋವರ್ಡ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿದರು.

ಈ ಬೆರಕೆಯನ್ನು ಅಳೆಯುವುದು ಸೂಕ್ಷ್ಮವಾದ ಕಾರ್ಯ. ನೀರಿನಲ್ಲಿ ತಾನಾಗಿ ಇಳಿಯುವ ಉಪಕರಣವೊಂದರ ತುದಿಯಲ್ಲಿರುವ ಶೋಧಕವು ಸೆಂಟಿಮೀಟರಿನಷ್ಟು ಕಿರಿದಾದ ಅಂತರಗಳಲ್ಲಿಯೂ ವೇಗದ ಏರಿಳಿತವನ್ನು ಗುರುತಿಸುತ್ತದೆ. ದೊಡ್ಡ ಸುಳಿಗಳು ಒಡೆದು ಕಿರಿಯವಾಗಿ, ಕೊನೆಗೆ ನೀರಿನ ಸ್ನಿಗ್ಧತೆಯಿಂದ ಶಾಖರೂಪದಲ್ಲಿ ಲಯಿಸುವ ಶಕ್ತಿಯೆಷ್ಟೆಂಬುದು ಇದರಿಂದ ದೊರೆಯುವುದು. ಭಾರವಾದ ನೀರನ್ನು ಮೇಲೆತ್ತಲು ವ್ಯಯವಾಗುವ ಶಕ್ತಿಯು ಹೆಚ್ಚೆಂದರೆ ಇದರ ಐದನೆಯ ಒಂದಂಶದಷ್ಟೆಂದು ಓಸ್ಬರ್ನರು 1980ರಲ್ಲಿ ಪ್ರತಿಪಾದಿಸಿದರು. ಲವಣತೆಯನ್ನು ನೀರಿನ ವಿದ್ಯುದ್ವಾಹಕತೆಯಿಂದ ಕಂಡುಕೊಂಡು, ಪದರಗಳ ಸಾಂದ್ರತೆಯನ್ನು ತಿಳಿದು, ಈ ಸೂತ್ರದಿಂದ ಬೆರಕೆಯ ಪ್ರಮಾಣವನ್ನು ಗಣಿಸುತ್ತಾರೆ.

ಇದರ ಪ್ರಯೋಜನವು ಕೇವಲ ಶಾಸ್ತ್ರೀಯವಾದುದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದ ಮೇಲೆ, ಶರಾವತಿಯ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಗೆಯಲ್ಲಿಯೂ ಹೊನ್ನಾವರದತ್ತ ಹರಿಯತೊಡಗಿತು. ಅಳಿವೆಯ ಉಪ್ಪು ತಗ್ಗಿತು; ಬಳಚು ಎಂಬ ಚಿಪ್ಪುಜೀವಿಯೂ ಅದನ್ನು ನಂಬಿದವರ ಸಂಪಾದನೆಯೂ ಕುಗ್ಗಿದುವು. ದೊಡ್ಡ ಅಣೆಕಟ್ಟುಗಳಿಲ್ಲದ ಅಘನಾಶಿನಿಯಲ್ಲಾದರೋ ಬೇಸಗೆಯ ಭರತದೊಡನೆ ಉಪ್ಪುನೀರು ಒಳನುಗ್ಗುತ್ತದೆ. ಬಳಚು ಆಯುವ ಕಸುಬು ಅಲ್ಲಿ ಉಳಿದಿದೆ. ಉಪ್ಪನ್ನು ತಾಳುವ ಕಗ್ಗವೆಂಬ ಭತ್ತಕ್ಕೂ ಅಲ್ಲಿನ ಗಜನಿ ಭೂಮಿಯೇ ನೆಲೆ.

ಬಳಚು ವಾಸಿಸುವುದು ತಳದ ಮರಳಿನಲ್ಲಿ. ಮೇಲಿನಿಂದ ಮೊಗೆದ ಒಂದು ಕೊಡ ನೀರು ಸಿಹಿಯಾಗಿದ್ದರೂ ತಳದಲ್ಲಿ ಉಪ್ಪಿರಬಹುದು. ಆ ಉಪ್ಪು ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಬೆರಕೆಯೇ ನಿರ್ಧರಿಸುತ್ತದೆ. ಆದುದರಿಂದ ಮಳೆಗಾಲ ಬೇಸಗೆಗಳಲ್ಲಿಯೂ, ಭರತ ಇಳಿತಗಳಲ್ಲಿಯೂ, ಮೇಲಿನಿಂದ ತಳದವರೆಗೆ ಅಳೆದಲ್ಲದೆ, ಹೊಳೆಯಿಂದ ಎಷ್ಟು ನೀರನ್ನು ತಡೆಯಬಹುದು, ಎಷ್ಟನ್ನು ಬಿಡಬಹುದು ಎಂದು ಹೇಳುವುದು ಯುಕ್ತವಾಗಲಾರದು.